ಒಂಬತ್ತನೇ ಷರತ್ತು

ಆಕೆ ಬಂದದ್ದು ಪೇಡೆಯ ಡಬ್ಬಿ ಹಿಡಿದುಕೊಂಡು. ಹಲಸೂರು ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ, ಮೋಟರ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ ನನ್ನ ವಕೀಲಿ ಆಫೀಸು. ಕೆಳಗೆ ಅವರು ಮೋಟರ್ ಓಡಿಸಿ ನೋಡಿದಾಗಲೆಲ್ಲ ನನ್ನ ಮೇಜು ಅಲುಗುತ್ತದೆ. ಕಕ್ಷಿದಾರರು ಸಿಹಿ ತರುವುದು ಕೇಸು ಮುಗಿದ ಮೇಲೆ. ಈಕೆಯ ಕೇಸು ಮುಗಿದು ಎರಡು ವರ್ಷವಾಗಿತ್ತು, ಆಗಲೂ ತಂದಿದ್ದಳು. ಮತ್ತೆ ಏನಪ್ಪಾ ಎಂದುಕೊಳ್ಳುತ್ತಲೇ ಒಂದು ಪೇಡೆ ಬಾಯಿಗೆ ಹಾಕಿಕೊಂಡೆ.

"ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆ ಪಾಸಾಯ್ತು ಮೇಡಂ," ಎಂದಳು.

ಆಕೆ ಪೊಲೀಸ್ ಕಾನ್‌ಸ್ಟೆಬಲ್. ನಮ್ಮ ಕಡೆಯ ಒಂದು ಠಾಣೆಯಲ್ಲಿ ರೈಟರ್ ಕೆಲಸ. ಅಂದರೆ ಬಂದವರ ದೂರು ಕೇಳಿ ಬರೆದುಕೊಳ್ಳುವುದು. ಕಗ್ಗದಾಸಪುರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಜೊತೆಗೆ ತಾಯಿ ಮತ್ತು ಎಂಟು ವರ್ಷದ ಮಗಳು. ಗಂಡನಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನ ಕೊಡಿಸಿದವಳು ನಾನು, ರಾಜಿಪತ್ರ ಬರೆದವಳೂ ನಾನೇ. ಮಗು ತಾಯಿಯ ಸುಪರ್ದಿಗೆ, ತಂದೆಗೆ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ. ನ್ಯಾಯಾಲಯ ಅದನ್ನೇ ಆದೇಶವಾಗಿ ಮಾಡಿತ್ತು.

"ಮೈಸೂರಲ್ಲಿ ಒಂದು ವರ್ಷ ಟ್ರೈನಿಂಗು. ಅಲ್ಲೇ ಇರ್ಬೇಕು. ಮೊದ್ಲು ಮೂರ್ ತಿಂಗ್ಳು ರಜಾನೇ ಇಲ್ಲ. ಫೋನು ಭಾನುವಾರ ಸಂಜೆ ಏಳಕ್ಕೆ, ಹತ್ತೇ ನಿಮಿಷ. ಪಾಪು ನಮ್ಮಮ್ಮನ ಹತ್ರ ಇರ್ತಾಳೆ. ಅದೇ ಮನೆ, ಅದೇ ಸ್ಕೂಲು. ಕೋರ್ಟಿಗೆ ಏನಾದ್ರೂ ಹೇಳ್ಬೇಕಾ ಮೇಡಂ?"

"ಹೇಳ್ದೆ ಹೋಗೋ ಹಾಗಿಲ್ಲ ಕಣಮ್ಮ. ಒಂದು ಅರ್ಜಿ ಹಾಕೋಣ. ದೊಡ್ಡ ವಿಷಯ ಏನಲ್ಲ," ಎಂದುಬಿಟ್ಟೆ. ನನಗೆ ಬಾಯಿ ಯಾವಾಗಲೂ ಮುಂದೆ, ಕಣ್ಣು ಹಿಂದೆ. ಹೇಳಿದ ಮೇಲೆ ಬೀರುವಿನಿಂದ ಫೈಲು ತೆಗೆದೆ. ನಾಲ್ಕನೇ ಷರತ್ತು ಸುಪರ್ದು, ಐದನೆಯದು ಭೇಟಿಯ ಹೊತ್ತು, ಆರು ಏಳು ಶಾಲೆ, ಔಷಧಿ. ಹಾಳೆ ತಿರುಗಿಸಿದೆ. ಒಂಬತ್ತನೆಯದು ಹೀಗಿತ್ತು:

"ತಾಯಿಯು ಯಾವುದೇ ಕಾರಣಕ್ಕೆ ಸದರಿ ವಿಳಾಸದಿಂದ ಸತತ ಮೂವತ್ತು ದಿನಗಳಿಗಿಂತ ಹೆಚ್ಚು ಕಾಲ ಗೈರುಹಾಜರಾದಲ್ಲಿ, ಬೇರೆ ಆದೇಶದ ಅಗತ್ಯವಿಲ್ಲದೆ ಮಗುವಿನ ಸುಪರ್ದು ಕಾಯಂ ಆಗಿ ತಂದೆಗೆ ಸೇರತಕ್ಕದ್ದು."

ಮತ್ತೊಮ್ಮೆ ಓದಿದೆ. ಇಂಥ ಷರತ್ತನ್ನು ತಾಯಿಯ ಪರ ವಕೀಲೆ ಬರೆಯುವುದುಂಟೆ? ಯಾರು ಬರೆದರು ಎಂದು ಕೇಳುವ ಹಾಗೂ ಇರಲಿಲ್ಲ. ಪ್ರತಿ ಹಾಳೆಯ ಕೆಳಗೂ ನನ್ನ ಸಹಿ ಇತ್ತು, ಪಕ್ಕದಲ್ಲಿ ಆಕೆಯದು, ಅದರ ಪಕ್ಕ ಗಂಡನದು.

"ಏನಾಯ್ತು ಮೇಡಂ?"

"ಏನಿಲ್ಲ. ನೀರು ಕೊಡಮ್ಮ. ಎಷ್ಟು ದಿನ ಟೈಮಿದೆ?"

"ನಲವತ್ತು ದಿನದೊಳಗೆ ರಿಪೋರ್ಟ್ ಮಾಡ್ಕೋಬೇಕು. ತಪ್ಪಿದ್ರೆ ಸೆಲೆಕ್ಷನ್ನೇ ಕ್ಯಾನ್ಸಲ್ಲು."

ನಾಳೆ ಬಾ ಎಂದು ಕಳಿಸಿದೆ. ಷರತ್ತಿನ ವಿಷಯ ಹೇಳಲಿಲ್ಲ. ಹೇಳಲು ಧೈರ್ಯ ಬರಲಿಲ್ಲ, ಅಷ್ಟೇ. ಅದಕ್ಕೆ ಬೇರೆ ಹೆಸರು ಇಟ್ಟುಕೊಂಡು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲಾರೆ.

ಅಂದು ಸಂಜೆಯೇ ಶಿವಾಜಿನಗರಕ್ಕೆ ಹೋದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಿರುವ ಚಾಚಾ ಇಪ್ಪತ್ತು ವರ್ಷದಿಂದ ನನ್ನ ಕಾಗದಗಳನ್ನು ಹೊಡೆದುಕೊಡುವವರು. ನಮ್ಮ ಕಸುಬಿನಲ್ಲಿ ಹೊಸ ಕಾಗದ ಹೊಸದಾಗಿ ಹುಟ್ಟುವುದಿಲ್ಲ. ಹಳೇ ಕೇಸಿನ ಕಾಗದ ತೆರೆದು, ಹೆಸರು, ವಯಸ್ಸು, ವಿಳಾಸ ಬದಲಾಯಿಸಿ, ಬೇಡದ್ದನ್ನು ಅಳಿಸುತ್ತೇವೆ. ಎಲ್ಲರೂ ಮಾಡುವುದು ಇದನ್ನೇ. ನಾನಂತೂ ಜಂಬದಿಂದ ಮಾಡುತ್ತಿದ್ದೆ, ಅರ್ಧ ಗಂಟೆಯಲ್ಲಿ ರಾಜಿಪತ್ರ ರೆಡಿ ಎಂದು.

ಚಾಚಾ ಕಂಪ್ಯೂಟರಿನಲ್ಲಿ ಹುಡುಕಿ ಹಳೆಯದನ್ನು ತೆಗೆದರು. ಅದು ನಾನು ಒಬ್ಬ ತಂದೆಯ ಪರ ನಿಂತಿದ್ದ ಕೇಸು. ಅವನ ಹೆಂಡತಿ ದುಬೈಗೆ ನರ್ಸ್ ಆಗಿ ಹೋಗುವವಳಿದ್ದಳು. ಆಕೆ ಹೋದರೆ ಮಗು ತಂದೆಗೆ ಸೇರಬೇಕೆಂದು ನಾನೇ ಪಟ್ಟು ಹಿಡಿದು ಆ ಷರತ್ತನ್ನು ಹಾಕಿಸಿದ್ದೆ. ಒಂದು ಅಕ್ಷರ ಸಡಿಲ ಇರದ ಹಾಗೆ ಬರೆದಿದ್ದೆ. ಎರಡು ವರ್ಷದ ಹಿಂದೆ ಅದೇ ಕಾಗದದ ಮೇಲೆ ಈ ಕಾನ್‌ಸ್ಟೆಬಲ್‌ಳ ಹೆಸರು ಹೊಡೆಸಿದಾಗ ಒಂಬತ್ತನೆಯದನ್ನು ಅಳಿಸಲು ಮರೆತಿದ್ದೆ.

"ಅರ್ಜೆಂಟು, ಹಳೇದ್ರ ಮೇಲೇ ಹೊಡೀರಿ ಚಾಚಾ ಅಂತ ನೀವೇ ಹೇಳಿದ್ರಲ್ಲಾ ಮೇಡಂ," ಎಂದರು ಚಾಚಾ. ತಪ್ಪು ತಮ್ಮ ಮೇಲೆ ಬರುತ್ತದೇನೋ ಎಂದು ಅವರಿಗೂ ಹೆದರಿಕೆ.

"ಹೌದು ಚಾಚಾ, ನಾನೇ," ಎಂದೆ.

ಆ ಮೇಲೆ ಮಾಡಿದ ಕೆಲಸ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಹಿಂದೂ ವಿವಾಹ ಕಾಯ್ದೆಯ ಇಪ್ಪತ್ತಾರನೇ ಕಲಮಿನಲ್ಲಿ, ವಿಚ್ಛೇದನದ ನಂತರವೂ ಮಕ್ಕಳ ಸುಪರ್ದಿನ ಆದೇಶವನ್ನು ಬದಲಾಯಿಸಲು, ತಡೆಹಿಡಿಯಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆ ಕಲಮಿನಡಿ ಅರ್ಜಿ ತಯಾರಿಸಿದೆ. ತಾಯಿ ತರಬೇತಿಗೆ ಹೋಗುತ್ತಾಳೆ, ಒಂದು ವರ್ಷ ಮಗು ಅದೇ ಮನೆಯಲ್ಲಿ ಅಜ್ಜಿಯ ಜೊತೆ ಇರಲಿ, ತಂದೆಯ ಭಾನುವಾರ ಹಾಗೇ ನಡೆಯಲಿ ಎಂದು ಬರೆದೆ. ನಾಲ್ಕು, ಐದನೇ ಷರತ್ತುಗಳನ್ನು ಉದ್ಧರಿಸಿದೆ. ಒಂಬತ್ತರ ಸುದ್ದಿಯನ್ನೇ ಎತ್ತಲಿಲ್ಲ. ಗಂಡ ಆಗ ಓದಿರಲಿಲ್ಲ, ಈಗಲೂ ಓದಲಿಕ್ಕಿಲ್ಲ, ಆದೇಶ ಬಂದುಬಿಟ್ಟರೆ ಒಂಬತ್ತು ತಾನೇ ಸತ್ತಂತಾಗುತ್ತದೆ ಎಂಬ ಹಂಚಿಕೆ. ಮರುದಿನ ಬಂದ ಆಕೆ ನನ್ನ ಮೇಲಿನ ನಂಬಿಕೆಯಿಂದ ಪ್ರಮಾಣಪತ್ರಕ್ಕೆ ಸಹಿ ಹಾಕಿದಳು. ಅವಳು ಸಹಿ ಹಾಕುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ದಿನ ಎಣಿಸುವುದು ಶುರುವಾಯಿತು. ಬೇಗ ವಿಚಾರಣೆ ಮಾಡಬೇಕೆಂದು ಇನ್ನೊಂದು ಅರ್ಜಿ ಕೊಟ್ಟೆ. ಮೊದಲ ನೋಟಿಸ್ "ಬಾಗಿಲು ಬೀಗ" ಎಂದು ವಾಪಸ್ಸು ಬಂತು. ಎಂಟು ದಿನ ನೀರುಪಾಲಾಯಿತು. ಕೈಯಾರೆ ತಲುಪಿಸಲು ಅನುಮತಿ ಪಡೆದು ಹೊರಮಾವಿನ ಗಂಡನ ಮನೆಗೆ ನೋಟಿಸ್ ಕಳಿಸಿದೆ. ಹತ್ತೊಂಬತ್ತನೇ ದಿನ ಗಂಡನ ಪರ ವಕೀಲರು ಹಾಜರಾದರು. ಅವರು ನನಗೆ ಹಳೇ ಪರಿಚಯ, ಕ್ಯಾಂಟೀನಿನಲ್ಲಿ ಎಷ್ಟೋ ಸಲ ಒಂದೇ ಕಾಫಿ ಬೈಟು ಮಾಡಿಕೊಂಡವರು. ತಕರಾರು ಸಲ್ಲಿಸಲು ಸಮಯ ಕೇಳಿದರು. ಹೊರಗೆ ಕಾರಿಡಾರಿನಲ್ಲಿ ನನ್ನನ್ನು ನೋಡಿ ನಕ್ಕರು.

"ಏನ್ ಮೇಡಂ, ನಮ್ಮ ಕೆಲ್ಸಾನೂ ನೀವೇ ಮಾಡಿಟ್ಟಿದ್ದೀರಲ್ಲ!"

ಆಗಲೇ ಗೊತ್ತಾಯಿತು, ಇವರು ಓದಿದ್ದಾರೆ ಎಂದು. ಅಲ್ಲೇ ಬೆಂಚಿನ ಮೇಲೆ ಕೂತೆ. ಆಗಲಾದರೂ ಆಕೆಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಾಳೆ ಹೇಳೋಣ ಎಂದು ಐದು ದಿನ ದೂಡಿದೆ.

ಇಪ್ಪತ್ತನಾಲ್ಕನೇ ದಿನ ತಕರಾರು ಬಂತು. ಎದುರು ವಕೀಲರು ತೆರೆದ ನ್ಯಾಯಾಲಯದಲ್ಲಿ ಒಂಬತ್ತನೇ ಷರತ್ತನ್ನು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಓದಿದರು. ತಾಯಿ ಹೋದ ಮೂವತ್ತೊಂದನೇ ದಿನ ಮಗು ತಮ್ಮ ಕಕ್ಷಿದಾರರದು, ಅದು ಒಂದು ವರ್ಷಕ್ಕಲ್ಲ, ಕಾಯಂ ಎಂದರು. ಅಜ್ಜಿಗೆ ವಯಸ್ಸಾಗಿದೆ, ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ಮಗುವಿನ ಸಂಸ್ಕಾರಕ್ಕೆ ಆ ಮನೆಯ ವಾತಾವರಣ ತಕ್ಕುದಲ್ಲ ಎಂದೂ ಸೇರಿಸಿದರು. ಆ ಮಾತಿನ ಒಳಗೆ ಏನಿದೆ ಎಂದು ನಮ್ಮ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗಂಡನದು ಹೊರಮಾವಿನ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಪಿ.ಜಿ. ಕಟ್ಟಡಗಳಿವೆ. ಹಲಸೂರಿನ ವಠಾರದ ಬೌದ್ಧರ ಮನೆ ಹುಡುಗಿಯನ್ನು ಅವನು ಪ್ರೀತಿಸಿ ಮದುವೆಯಾದದ್ದನ್ನು ಅವರ ಮನೆಯವರು ಕೊನೆಯವರೆಗೂ ಅರಗಿಸಿಕೊಳ್ಳಲಿಲ್ಲ.

ನಾನು ಹಿಂತಿರುಗಿ ನೋಡಿದೆ. ಆಕೆ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು. ಕುಡಿದು ಬಂದು ಗಲಾಟೆ ಮಾಡುವವರನ್ನು ಕಾಲರ್ ಹಿಡಿದು ಕೂರಿಸುವ ಹೆಣ್ಣು, ಗೋಡೆ ಬಿಟ್ಟರೆ ಬೀಳುತ್ತಾಳೆ ಎನ್ನುವ ಹಾಗಿದ್ದಳು.

ಹೊರಗೆ ಬಂದ ಮೇಲೆ ಕೇಳಿದಳು. "ಅದು ನೀವು ಬರ್ದಿದ್ದಾ ಮೇಡಂ?"

"ಹೌದಮ್ಮ. ಬೇರೆ ಕೇಸಿನದು. ಅಳಿಸೋದು ಮರ್ತುಹೋಗಿತ್ತು."

"ನಿಮಗೆ ಯಾವಾಗ ಗೊತ್ತಾಯ್ತು?"

"ನೀನು ಪೇಡ ತಂದ ದಿನ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಮೇಡಂ, ನಾನು ಠಾಣೇಲಿ ದೂರು ಬರ್ಕೊಂಡ ಮೇಲೆ, ಎದುರಿಗಿರೋರು ಎಷ್ಟೇ ಓದಿರ್ಲಿ, ಅವ್ರಿಗೆ ಪೂರ್ತಿ ಓದಿ ಹೇಳ್ತೀನಿ. ಸರಿಯಿದೆ ಅಂತ ಅವ್ರು ಒಪ್ಪಿದ ಮೇಲೇ ಸಹಿ. ಮೊಬೈಲ್ ಕಳ್ದೋಗಿದೆ ಅನ್ನೋ ದೂರಿಗೂ ಹಾಗೇ," ಎಂದಳು. ದನಿ ಏರಲೇ ಇಲ್ಲ. ಮೆಟ್ರೊ ಕಡೆಗೆ ನಡೆದುಹೋದಳು. ನಾನು ಕಪ್ಪು ಕೋಟಿನ ಗುಂಡಿ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ನಿಂತಿದ್ದೆ.

ಮುಂದಿನ ಭಾನುವಾರ, ಇಪ್ಪತ್ತೆಂಟನೇ ದಿನ. ಸಂಜೆ ಆರೂಕಾಲಿಗೆ ಆಕೆಯ ಫೋನು ಬಂತು. ಕಾರಿಡಾರಿನ ಮಾತಿನ ನಂತರ ಅದೇ ಮೊದಲ ಕರೆ.

"ಪಾಪೂನ ಕರ್ಕೊಂಡು ಬಂದಿಲ್ಲ ಮೇಡಂ. ಅವನ ಫೋನ್ ಸ್ವಿಚ್ಡ್ ಆಫು. ನಾನು ಬಂದೋಬಸ್ತಿಂದ ಸೀದಾ ಹೊರಮಾವಿಗೆ ಹೋಗ್ತಿದ್ದೀನಿ. ಅಲ್ಲಿನ ಠಾಣೆಗೂ ಹೇಳ್ತೀನಿ."

"ಯೂನಿಫಾರಂನಲ್ಲಿದ್ದೀಯಾ?"

"ಹೂಂ."

"ಬೇಡ!" ಎಂದು ಕಿರುಚಿದೆ. ಕೆಳಗಿನ ಅಂಗಡಿಯವನು ತಲೆ ಎತ್ತಿ ನೋಡಿದ. "ಯೂನಿಫಾರಂನಲ್ಲಿ ಆ ಗೇಟಿನ ಮುಂದೆ ನಿಂತ್ರೆ ಮುಗೀತು. ಅಧಿಕಾರ ದುರುಪಯೋಗ ಅಂತ ನಾಳೆ ಬೆಳಿಗ್ಗೆ ಇಲಾಖೆಗೆ ದೂರು ಹೋಗುತ್ತೆ. ಸೆಲೆಕ್ಷನ್ನೂ ಹೋಗುತ್ತೆ, ಮಗೂನೂ ಹೋಗುತ್ತೆ. ಯಾವ ಠಾಣೆಗೂ ಫೋನ್ ಮಾಡ್ಬೇಡ. ಬಟ್ಟೆ ಬದಲಾಯಿಸ್ಕೊಂಡು ಬಾ. ನಾನೂ ಬರ್ತೀನಿ."

ಆಟೋದಲ್ಲಿ ಹೋಗುವಷ್ಟು ಹೊತ್ತೂ ನನ್ನ ತಲೆಯಲ್ಲಿ ಒಂದೇ ಮಾತು. ಇವತ್ತು ಮಗು ವಾಪಸ್ಸು ಬರದಿದ್ದರೆ ಅದಕ್ಕೆ ಕಾರಣ ನಾನು. ಆಕೆಯ ಗಂಡನಲ್ಲ, ಎದುರು ವಕೀಲರಲ್ಲ. ಆ ಷರತ್ತು ಅವರ ಕೈಗೆ ಸಿಗುವವರೆಗೆ ಎರಡು ವರ್ಷ ಒಂದು ಭಾನುವಾರವೂ ಅವನು ಹೊತ್ತು ಮೀರಿಸಿರಲಿಲ್ಲ.

ಆಕೆ ಯಾರದೋ ಮನೆಯಲ್ಲಿ ಎರವಲು ಪಡೆದ ಚೂಡಿದಾರದಲ್ಲಿ ಬಂದಿದ್ದಳು, ಕಾಲಲ್ಲಿ ಮಾತ್ರ ಡ್ಯೂಟಿಯ ಕಂದು ಶೂ. ಇಬ್ಬರೂ ಗೇಟಿನ ಮುಂದೆ ನಿಂತೆವು. ಬೀಗ ಹಾಕಿತ್ತು. ಮೇಲಿನ ಬಾಲ್ಕನಿಯಲ್ಲಿ ಗಂಡನ ಅಕ್ಕ ಮೊಬೈಲು ಎತ್ತಿ ಹಿಡಿದು ನಮ್ಮನ್ನು ವಿಡಿಯೋ ಮಾಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ, ಬರೀ ಹಿಡಿದುಕೊಂಡು ನಿಂತಿದ್ದಳು.

"ಮಾತಾಡ್ಬೇಡ. ಗೇಟು ಮುಟ್ಟಬೇಡ," ಎಂದು ಪಿಸುಗುಟ್ಟಿದೆ.

ಆಕೆ ನನ್ನ ತೋಳು ಹಿಡಿದುಕೊಂಡಳು. ಏಳೂಕಾಲು, ಏಳೂವರೆ. ಪಿ.ಜಿ.ಯ ಹುಡುಗರು ಬರುತ್ತಾ ಹೋಗುತ್ತಾ ನಮ್ಮನ್ನು ನೋಡಿದರು. ಅವಳು ಉಸಿರಾಡುವ ಸದ್ದು ನನಗೆ ಕೇಳಿಸುತ್ತಿತ್ತು. ಅವಳಿಗೆ ನನ್ನದು ಕೇಳಿಸಿತೋ ಏನೋ.

ಎಂಟಕ್ಕೆ ಸ್ವಲ್ಪ ಮುಂಚೆ ಗಂಡನ ಸ್ಕೂಟರು ಬಂತು. ಮುಂದೆ ನಿಂತಿದ್ದ ಹುಡುಗಿ "ಅಮ್ಮಾ" ಎಂದು ಇಳಿದು ಓಡಿಬಂದಳು. ಕೈಯಲ್ಲಿ ಬಣ್ಣದಂಗಡಿಯ ಶೇಡ್ ಕಾರ್ಡು.

"ಫೋನ್ ಅಕ್ಕನ ಹತ್ರಾನೇ ಬಿಟ್ಟಿದ್ದೆ. ಟ್ರಾಫಿಕ್ಕು," ಎಂದ ಅವನು. ನಮ್ಮ ಕಣ್ಣು ತಪ್ಪಿಸಿ ಗೇಟಿನ ಬೀಗ ತೆಗೆಯತೊಡಗಿದ.

"ಅಮ್ಮ, ನಂಗೆ ಇಲ್ಲಿ ರೂಮ್ ಮಾಡ್ತಿದ್ದಾರೆ. ಪಿಂಕ್ ಕಲರ್. ನಾನೇ ಆರ್ಸಿದ್ದು," ಎಂದಳು ಹುಡುಗಿ.

ಆಕೆ ಮಗಳ ತಲೆ ಸವರಿ "ಚೆನ್ನಾಗಿದೆ" ಎಂದಳು. ಆಟೋದಲ್ಲಿ ಮಗಳು ಒರಗಿಕೊಂಡ ಮೇಲೆ ನನ್ನ ಕಡೆ ತಿರುಗಿದಳು.

"ಬೇಡ ಮೇಡಂ. ನಾಳೆ ಬರೆದು ಕೊಟ್ಬಿಡ್ತೀನಿ, ಟ್ರೈನಿಂಗಿಗೆ ಹೋಗಲ್ಲ ಅಂತ. ಸ್ಟಾರೂ ಬೇಡ, ಏನೂ ಬೇಡ. ಕಾನ್‌ಸ್ಟೆಬಲ್ಲಾಗೇ ಇರ್ತೀನಿ."

ಈ ಪರೀಕ್ಷೆಗೆ ಆಕೆ ಓದಿದ್ದು ಹೇಗೆಂದು ನನಗೆ ಗೊತ್ತಿತ್ತು. ಬೈಯಪ್ಪನಹಳ್ಳಿಯಿಂದ ಮೆಟ್ರೊದಲ್ಲಿ ನಿಂತುಕೊಂಡೇ, ಮಗಳಿಗೆ ಜ್ವರ ಬಂದಾಗ ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು. ನಾನು ಅಳಿಸಲು ಮರೆತ ಮೂರು ಸಾಲಿಗೆ ಅದೆಲ್ಲ ಹೋಗುವುದಿತ್ತು.

"ಎರಡು ದಿನ ಕೊಡು. ಎರಡೇ ದಿನ. ಆಮೇಲೆ ನೀನು ಹೇಳಿದ ಹಾಗೆ," ಎಂದೆ.

ಮಾಡಬಹುದಾದದ್ದು ಒಂದೇ ಇತ್ತು, ಅದು ಮೊದಲ ದಿನದಿಂದಲೂ ಗೊತ್ತಿತ್ತು. ಒಂಬತ್ತನೇ ಷರತ್ತನ್ನು ಯಾರೂ ಕೇಳಿರಲಿಲ್ಲ, ಯಾರೂ ಅದಕ್ಕೆ ಒಪ್ಪಿರಲಿಲ್ಲ, ಅದು ನನ್ನ ನಿರ್ಲಕ್ಷ್ಯದಿಂದ ಬಂದದ್ದು ಎಂದು ನಾನೇ ಪ್ರಮಾಣ ಮಾಡಿ ಹೇಳುವುದು. ಹೇಳಿದರೆ ನಾನು ಸಾಕ್ಷಿಯಾಗುತ್ತೇನೆ. ಸಾಕ್ಷಿಯಾದ ವಕೀಲೆ ಅದೇ ಕೇಸಿನಲ್ಲಿ ವಾದ ಮಾಡುವಂತಿಲ್ಲ, ಕೇಸು ಬಿಡಬೇಕು. ನನ್ನ ಪ್ರಮಾಣಪತ್ರವನ್ನೇ ಹಿಡಿದು ಯಾರು ಬೇಕಾದರೂ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಇಪ್ಪತ್ತಾರು ವರ್ಷದ ವಕೀಲಿಕೆ. ಈ ಕೋಟು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ. ಹೆದರಿಕೆ ಆಯಿತೇ ಎಂದರೆ, ಆಯಿತು.

ಸೋಮವಾರ ಚಾಚಾನ ಅಂಗಡಿಗೆ ಹೋದೆ. "ಹಳೇದು ಯಾವ್ದನ್ನೂ ತೆಗೀಬೇಡಿ ಚಾಚಾ. ಖಾಲಿ ಹಾಳೆ ತೆಗೀರಿ," ಎಂದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದೊಂದೇ ವಾಕ್ಯ ಹೇಳಿ ಹೊಡೆಸಿದೆ. ದುಬೈ ಕೇಸಿನ ಆ ಪುಟವನ್ನು ಹೆಸರು, ವಿಳಾಸದ ಮೇಲೆ ಕಪ್ಪು ಬಳಿದು ಲಗತ್ತಿಸಿದೆ. ಷರತ್ತಿನ ಪದಗಳು, ಸಾಲು ಮುರಿದ ಜಾಗ, ಎಲ್ಲ ಒಂದೇ. ಈ ತಪ್ಪು ನನಗೆ ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೂ ಅರ್ಜಿಯಲ್ಲಿ ಹೇಗೆ ಮುಚ್ಚಿಟ್ಟೆ ಎಂಬುದನ್ನೂ ಬರೆಸಿದೆ. ಆ ವಾಕ್ಯ ಹೊಡೆಯುವಾಗ ಚಾಚಾ ಕೈ ನಿಲ್ಲಿಸಿ, "ಇದೂ ಬೇಕಾ ಮೇಡಂ?" ಎಂದರು.

"ಅದೇ ಮೊದ್ಲು ಬೇಕು."

ಮಂಗಳವಾರ ಅದನ್ನು ಆಕೆಗೆ ಕೊಟ್ಟೆ. ಓದಿ ಮುಗಿಸಿ, "ನೀವು ಬಿಟ್ರೆ ವಾದ ಯಾರು ಮಾಡ್ತಾರೆ? ಹೊಸ ಲಾಯರ್ ಹುಡುಕೋಕೆ ದಿನ ಎಲ್ಲಿದೆ?" ಎಂದಳು.

"ಕುಟುಂಬ ನ್ಯಾಯಾಲಯದಲ್ಲಿ ಲಾಯರ್ ಇರ್ಲೇಬೇಕು ಅಂತಿಲ್ಲ. ನೀನೇ ಮಾತಾಡು. ದಿನಾ ಬೇರೆಯವ್ರ ದೂರು ಬರ್ಕೋತೀಯಲ್ಲ, ಇದು ನಿನ್ನ ದೂರು ಅಂದ್ಕೋ."

"ನಂಗೆ ಅಲ್ಲಿ ಬಾಯೇ ಬರಲ್ಲ ಮೇಡಂ."

"ನಂಗೂ ಬರಲ್ಲ ಈ ಸಲ," ಎಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಮೂವತ್ತಾರನೇ ದಿನ ವಿಚಾರಣೆ. ನಾನು ಕಪ್ಪು ಕೋಟಿಲ್ಲದೆ ಸಾಕ್ಷಿಯ ಕಟಕಟೆಯಲ್ಲಿ ನಿಂತೆ. ಆ ಕಡೆಯಿಂದ ನೋಡಿದರೆ ಆ ಕೋಣೆಯೇ ಬೇರೆ, ಎಲ್ಲರೂ ನಮ್ಮನ್ನೇ ನೋಡುತ್ತಿರುತ್ತಾರೆ. ನ್ಯಾಯಾಧೀಶರು ನನ್ನ ಪ್ರಮಾಣಪತ್ರವನ್ನು ಎರಡು ಸಲ ಓದಿದರು.

"ಇದರ ಪರಿಣಾಮ ನಿಮಗೆ ಗೊತ್ತಿದೆಯಾ?"

"ಗೊತ್ತಿದೆ ಸ್ವಾಮಿ."

ಎದುರು ವಕೀಲರು ಪಾಟೀಸವಾಲಿಗೆ ಎದ್ದರು. ಕಾಫಿಯ ಪರಿಚಯವೆಲ್ಲ ಪಕ್ಕಕ್ಕಿಟ್ಟು ಚೆನ್ನಾಗಿಯೇ ರುಬ್ಬಿದರು. ಮೊದಲು ಮುಚ್ಚಿಟ್ಟವರು ಈಗ ಹೇಳುತ್ತಿರುವುದು ನಿಜವೆಂದು ಹೇಗೆ ನಂಬುವುದು, ಕಕ್ಷಿದಾರಳನ್ನು ಕಾಪಾಡಲು ಕಟ್ಟಿದ ಕತೆಯಲ್ಲವೇ, ಹಾಗಾದರೆ ನೀವು ಓದದೆ ಸಹಿ ಹಾಕುವ ವಕೀಲರು ಎಂದು ಒಪ್ಪುತ್ತೀರಾ ಎಂದರು. ಕೊನೆಯದಕ್ಕೆ ಒಪ್ಪುತ್ತೇನೆ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆಮೇಲೆ ಆಕೆಯ ಸರದಿ. ಬರೆದು ತಂದಿದ್ದ ಕಾಗದ ಹಿಡಿದು ನಿಂತಳು. ಎರಡು ಸಲ ಶುರು ಮಾಡಿ ನಿಲ್ಲಿಸಿದಳು. ಮೂರನೇ ಸಲ ಕಾಗದ ಮಡಚಿ ಕೆಳಗಿಟ್ಟಳು.

"ಸ್ವಾಮಿ, ನಮ್ಮಮ್ಮ ಆಯಾ ಕೆಲ್ಸ ಮಾಡಿ ನನ್ನನ್ನು ಓದಿಸಿದ್ದು. ನಾನು ಡ್ಯೂಟಿಗೆ ಹೋದಾಗ ಎಂಟು ವರ್ಷದಿಂದ ಪಾಪೂನ ನೋಡ್ಕೊಂಡಿದ್ದೂ ಅವ್ರೇ. ಅವ್ರಪ್ಪ ಭಾನುವಾರದ ಜೊತೆಗೆ ಶನಿವಾರ ರಾತ್ರೀನೂ ಇಟ್ಕೊಳ್ಳಲಿ, ನಂಗೆ ಹೆದರಿಕೆ ಆಗುತ್ತೆ, ಆದ್ರೂ ಕೊಡ್ತೀನಿ. ನಾನು ವಾಪಸ್ ಬಂದಾಗ ನನ್ನ ಮಗೂಗೋಸ್ಕರ ಮತ್ತೆ ಅರ್ಜಿ ಹಾಕೋ ಹಾಗಾಗ್ಬಾರ್ದು. ಅಷ್ಟೇ."

ಅಷ್ಟು ಚೊಕ್ಕವಾಗಿ ನಾನು ಯಾವತ್ತೂ ವಾದಿಸಿಲ್ಲ.

ನ್ಯಾಯಾಧೀಶರು ಮಗುವನ್ನು ತಮ್ಮ ಚೇಂಬರಿಗೆ ಕರೆಸಿಕೊಂಡರು. ಹದಿನೈದು ನಿಮಿಷ ಬಾಗಿಲು ಮುಚ್ಚಿತ್ತು. ತಂದೆ ಒಂದು ಬೆಂಚಿನಲ್ಲಿ, ತಾಯಿ ಒಂದು ಬೆಂಚಿನಲ್ಲಿ, ಇಬ್ಬರ ಕಣ್ಣೂ ಒಂದೇ ಬಾಗಿಲ ಮೇಲೆ. ಒಳಗೆ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಗಿ ಹೊರಗೆ ಬಂದು ಇಬ್ಬರನ್ನೂ ನೋಡಿ, ಯಾರ ಹತ್ತಿರವೂ ಹೋಗದೆ ಮಧ್ಯದಲ್ಲೇ ನೆಲದ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳತೊಡಗಿದಳು. ಕಟ್ಟಿದ್ದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

ಎಲ್ಲರೂ ಮತ್ತೆ ಒಳಗೆ ಹೋದಾಗ ನ್ಯಾಯಾಧೀಶರು ತಂದೆಯನ್ನು ನೇರವಾಗಿ ಕೇಳಿದರು. "ರಾಜಿಪತ್ರ ಬರೆಯುವಾಗ ಈ ಒಂಬತ್ತನೇ ಷರತ್ತು ನೀವು ಕೇಳಿದ್ದಾ?"

ಎದುರು ವಕೀಲರು ಅವನ ಮೊಣಕೈ ಮುಟ್ಟಿದರು. ಹೌದು ಎಂದಿದ್ದರೆ ನನ್ನ ಪ್ರಮಾಣಪತ್ರ ಕಸದಬುಟ್ಟಿಗೆ. ನನ್ನ ಕಿವಿಯಲ್ಲಿ ಕೆಳಗಿನಂಗಡಿಯ ಮೋಟರು ಓಡಿದ ಹಾಗೆ ಸದ್ದು. ಅವನು ಹಿಂತಿರುಗಿ ಬಾಗಿಲಲ್ಲಿ ನಿಂತ ಮಗಳನ್ನು ಒಮ್ಮೆ ನೋಡಿದ.

"ಇಲ್ಲ ಸ್ವಾಮಿ. ನಾನು ಓದೇ ಇರ್ಲಿಲ್ಲ. ಮೊನ್ನೆ ನಮ್ ಲಾಯರ್ ತೋರಿಸ್ದಾಗ್ಲೇ ಗೊತ್ತಾಗಿದ್ದು. ಅದನ್ನ ನೋಡಿದ್ಮೇಲೆ ಆಸೆ ಆಯ್ತು," ಎಂದ.

ಆ ಕ್ಷಣದವರೆಗೂ ಅವನನ್ನು ನಾನು ಮನಸ್ಸಿನಲ್ಲಿ ಏನೇನೋ ಬೈದುಕೊಂಡಿದ್ದೆ. ಆಸೆ ಹುಟ್ಟಿಸಿದ್ದು ನನ್ನ ಕಾಗದ ತಾನೇ.

ಎರಡು ದಿನಕ್ಕೆ ಆದೇಶ ಬಂತು. ಒಂಬತ್ತನೇ ಷರತ್ತು ರದ್ದು. ತರಬೇತಿ ಮುಗಿಯುವವರೆಗೆ ಮಗು ಅದೇ ವಿಳಾಸದಲ್ಲಿ ಅಜ್ಜಿಯ ಜೊತೆ. ತಂದೆಯ ಬಳಿ ಶನಿವಾರ ಸಂಜೆಯಿಂದ ಭಾನುವಾರ ಸಂಜೆ ಆರರವರೆಗೆ. ತಾಯಿ ಮರಳಿದ ದಿನವೇ ಹಳೇ ವ್ಯವಸ್ಥೆ ತಾನಾಗಿ ಜಾರಿಗೆ ಬರತಕ್ಕದ್ದು, ಈ ಗೈರುಹಾಜರಿಯನ್ನು ಮುಂದೆ ಯಾವ ಕಾರಣಕ್ಕೂ ಆಕೆಯ ವಿರುದ್ಧ ಬಳಸತಕ್ಕದ್ದಲ್ಲ. ಕೊನೆಯ ಪ್ಯಾರಾ ನನ್ನ ಬಗ್ಗೆ. ವಕೀಲರ ನಿರ್ಲಕ್ಷ್ಯವನ್ನು ನ್ಯಾಯಾಲಯ ಗಂಭೀರವಾಗಿ ದಾಖಲಿಸಿದೆ ಎಂದು. ಪರಿಷತ್ತಿಗೆ ಯಾರಾದರೂ ದೂರು ಕೊಡುತ್ತಾರೋ ಎಂದು ಅಂಚೆಯವನು ಮೆಟ್ಟಿಲು ಹತ್ತಿದಾಗಲೆಲ್ಲ ಈಗಲೂ ಪೆನ್ನು ಕೆಳಗಿಟ್ಟು ಬಾಗಿಲ ಕಡೆ ನೋಡುತ್ತೇನೆ.

ದೃಢೀಕೃತ ಪ್ರತಿ ಕೈಗೆ ಸಿಕ್ಕಿದ್ದು ಮೂವತ್ತೊಂಬತ್ತನೇ ದಿನ ಮಧ್ಯಾಹ್ನ. ನ್ಯಾಯಾಲಯದ ಮೆಟ್ಟಿಲ ಮೇಲೆ ನಾನು ಕೈ ಚಾಚಿ, "ತಾ, ಓದಿ ಹೇಳ್ತೀನಿ," ಎಂದೆ. ಆಕೆ ಕೊಡಲಿಲ್ಲ.

"ಬೇಡ ಮೇಡಂ. ನಾನೇ ಓದ್ಕೋತೀನಿ."

ಅಲ್ಲೇ ಕೂತು ಮೊದಲ ಅಕ್ಷರದಿಂದ ಕೊನೆಯ ಮುದ್ರೆಯವರೆಗೆ ಬೆರಳಿಟ್ಟು ಓದಿದಳು. ಮುಕ್ಕಾಲು ಗಂಟೆ ಹಿಡಿಯಿತು. ನಾನು ಪಕ್ಕದಲ್ಲಿ ನಿಂತಿದ್ದೆ. ಮುಗಿಸಿ, ಕಾಗದ ಚೀಲಕ್ಕೆ ಹಾಕಿ, "ಬರ್ತೀನಿ ಮೇಡಂ," ಎಂದಳು. ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಮೈಸೂರಿಗೆ ಹೋದಳು. ಅದು ಶುಕ್ರವಾರ. ಶನಿವಾರ ಸಂಜೆ ತಂದೆ ಬಂದು ಮಗಳನ್ನು ಕರೆದೊಯ್ದ. ಪಿಂಕ್ ರೂಮಿನಲ್ಲಿ ಮೊದಲ ರಾತ್ರಿ. ಭಾನುವಾರ ಮಧ್ಯಾಹ್ನ ಅಜ್ಜಿ ಫೋನ್ ಮಾಡಿದರು.

"ಮೇಡಮ್ಮಾ, ಒಬ್ಳೇ ಕಾಯೋಕೆ ಭಯ ಆಗ್ತದೆ. ಬರ್ತೀ‍ರಾ?"

ಕೇಸಿಗೂ ನನಗೂ ಈಗ ಸಂಬಂಧವಿಲ್ಲ. ಆದರೂ ಐದಕ್ಕೇ ಕಗ್ಗದಾಸಪುರ ತಲುಪಿದೆ. ಅಜ್ಜಿ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿಟ್ಟು ನನ್ನ ಜೊತೆ ಕೆಳಗಿಳಿದು ಬಂದರು. ಇಬ್ಬರೂ ಗೇಟಿನ ಹತ್ತಿರ ನಿಂತೆವು. ಐದೂವರೆ. ಐದೂ ಮುಕ್ಕಾಲು. ಪ್ರತಿ ಸ್ಕೂಟರಿನ ಸದ್ದಿಗೂ ಅಜ್ಜಿ ಸೆರಗು ಬಿಗಿಯಾಗಿ ಹಿಡಿಯುತ್ತಿದ್ದರು. ಆ ಇಕ್ಕಟ್ಟು ರಸ್ತೆಯಲ್ಲಿ ಅಷ್ಟೊಂದು ಸ್ಕೂಟರು ಓಡಾಡುತ್ತವೆಂದು ನನಗೆ ಗೊತ್ತೇ ಇರಲಿಲ್ಲ.

ಆರಕ್ಕೆ ಎಂಟು ನಿಮಿಷ ಇರುವಾಗ ತಿರುವಿನಲ್ಲಿ ಹುಡುಗಿಯ ಹಳದಿ ಹೆಲ್ಮೆಟ್ಟು ಕಾಣಿಸಿತು. ತಂದೆ ಗಾಡಿ ನಿಲ್ಲಿಸಿ, ಚೀಲ ಇಳಿಸಿ, ಅಜ್ಜಿಗೆ "ಹೋಂವರ್ಕ್ ಮಾಡ್ಸಿದ್ದೀನಿ," ಎಂದಷ್ಟೇ ಹೇಳಿ ಹೊರಟ. ಅಜ್ಜಿ ಗೇಟಿನ ಕಂಬಿ ಹಿಡಿದು ಅತ್ತುಬಿಟ್ಟರು.

ಏಳಕ್ಕೆ ಮೈಸೂರಿನಿಂದ ಕರೆ ಬಂತು. ಹುಡುಗಿ ಪಿಂಕ್ ಗೋಡೆ, ಚಪಾತಿ, ಹಲ್ಲು ಅಲ್ಲಾಡುತ್ತಿರುವುದು, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಫೋನನ್ನು ನನ್ನ ಕೈಗಿಟ್ಟಳು. "ಅಮ್ಮ ನಿಮಗೆ ಕೊಡು ಅಂದ್ರು."

"ಎಷ್ಟೊತ್ತಿಗೆ ಬಂದ್ಲು ಮೇಡಂ?" ಆಕೆಯ ಹಿಂದೆ ಯಾವುದೋ ಶಿಳ್ಳೆ, ಬೂಟಿನ ಸದ್ದು.

"ಐದೂ ಐವತ್ತೆರಡು."

"ಪ್ರತಿ ವಾರ ಬರೆದಿಡ್ಬೇಕು ಅಂತ ಅಂದ್ಕೊಂಡಿದ್ದೀನಿ. ನೀವು ಬರೀತೀರಾ?"

ಮೇಜಿನ ಮೇಲೆ ಹುಡುಗಿಯ ರಫ್ ನೋಟ್‌ಬುಕ್ ಇತ್ತು. ಹೊಸ ಹಾಳೆ ತೆಗೆದು ಬರೆದೆ. "ಬರ್ದೆ ಕಣಮ್ಮ," ಎಂದೆ.

"ಓದಿ ಹೇಳಿ."

ಓದಿದೆ. "ಭಾನುವಾರ ಸಂಜೆ ಐದು ಗಂಟೆ ಐವತ್ತೆರಡು ನಿಮಿಷಕ್ಕೆ ತಂದೆಯು ಮಗುವನ್ನು ಕ್ಷೇಮವಾಗಿ ತಂದು ಅಜ್ಜಿಗೆ ಒಪ್ಪಿಸಿರುತ್ತಾರೆ."

ಆ ಕಡೆ ಮತ್ತೆ ಶಿಳ್ಳೆ ಊದಿದರು. ಹತ್ತು ನಿಮಿಷ ಮುಗಿಯಿತೇನೋ ಎಂದುಕೊಂಡೆ.

"ಸರಿಯಿದೆ ಮೇಡಂ," ಎಂದಳು. "ಸಹಿ ಹಾಕಿ."